ಸಾಲು ಹಿಡಿಯದ ಕಬ್ಬಿಣ

ಭಾನುವಾರ, ನವೆಂಬರ್ ೧೦

ಸುಫ್ಯಾನನ ತುಟಿಗೆ ಒದ್ದೆ ಹತ್ತಿ ಮುಟ್ಟಿಸಲು ಇವತ್ತು ಆಸ್ಪತ್ರೆಯವರು ಅವನ ತಾಯಿ ಮಬ್ರೂಕಳನ್ನು ಒಳಗೆ ಬಿಟ್ಟರು. ಅವಳೊಬ್ಬಳನ್ನೇ, ಅದೂ ಮೂಗುಬಾಯಿಗೆ ಬಟ್ಟೆ ಕಟ್ಟಿಸಿ. ಉಳಿದವರೆಲ್ಲ ಗಾಜಿನ ಈಚೆ. ನಾನೂ ನನ್ನ ಮೊಮ್ಮಗಳು ಇಬ್ತಿಸಾಮಳೂ ಗಾಜಿಗೆ ಹಣೆ ಒತ್ತಿ ನಿಂತಿದ್ದೆವು. ಹಾಸಿಗೆಯ ಮೇಲೆ ಇದ್ದದ್ದು ಬರೀ ಬಿಳಿ ಪಟ್ಟಿ. ಅದರೊಳಗೆ ಹುಡುಗ ಎಲ್ಲಿದ್ದಾನೆ ಎಂದು ಹುಡುಕಬೇಕು. ಮಬ್ರೂಕಾ ಅವನ ಕಿವಿಯ ಹತ್ತಿರ ಬಾಗಿ ಏನೋ ಹೇಳುತ್ತಲೇ ಇದ್ದಳು. ಕಿವಿ ಉಳಿದಿದೆಯೋ ಇಲ್ಲವೋ ದೇವರೇ ಬಲ್ಲ.

ಅವನೂ ಇಬ್ತಿಸಾಮಳೂ ಒಂದೇ ಪ್ರಯೋಗಶಾಲೆಯಲ್ಲಿ ಡಾಕ್ಟರೇಟಿಗೆ ಓದುವವರು. ಓದುವುದು ಅಂದರೆ ಪುಸ್ತಕವಲ್ಲ, ಅರೆಯುವುದು. ಕಬ್ಬಿಣದ ಪುಡಿ, ನಿಕಲ್ ಪುಡಿ ಎರಡನ್ನೂ ಉಕ್ಕಿನ ಡಬ್ಬಿಗೆ ಸುರಿದು, ಜೊತೆಗೆ ಉಕ್ಕಿನ ಗುಂಡುಗಳನ್ನು ಹಾಕಿ, ಗಿರಣಿಗೆ ಬಿಗಿದು ದಿನಗಟ್ಟಲೆ ತಿರುಗಿಸುತ್ತಾರೆ. ಗುಂಡುಗಳು ಬಡಿದು ಬಡಿದು ಎರಡು ಲೋಹ ಒಂದಾಗುತ್ತವೆ. ಹಾಗೆ ಅರೆದ ಪುಡಿ ಎಷ್ಟು ಸಣ್ಣಗಾಗುತ್ತದೆಂದರೆ ಗಾಳಿ ತಾಗಿದ್ದೇ ತಾನಾಗಿ ಹೊತ್ತಿಕೊಳ್ಳಬಹುದು. ಅದಕ್ಕೇ ಡಬ್ಬಿಯನ್ನು ಆರ್ಗಾನ್ ಎಂಬ ಗ್ಯಾಸಿನೊಳಗೆ ತೆರೆಯಬೇಕು. ಆ ಸಿಲಿಂಡರು ಮುಗಿದಿತ್ತು. ಹೊಸದು ಹಡಗಿನಿಂದ ಇಳಿದಿಲ್ಲ, ಕಸ್ಟಮ್ಸಿನವರು ಬಿಟ್ಟಿಲ್ಲ, ದಿನಕ್ಕೊಂದು ನೆಪ. ಸುಫ್ಯಾನನಿಗೆ ಕಾಯುವ ತಾಳ್ಮೆ ಇರಲಿಲ್ಲ. ತೆರೆದ. ಪಕ್ಕದಲ್ಲೇ ಸ್ಪಿರಿಟ್ಟಿನ ಬಾಟಲಿ ಇತ್ತು. ನಮ್ಮವಳು ಆ ಹೊತ್ತಿಗೆ ಇಬ್ಬರ ಊಟಕ್ಕೂ ಬ್ರೆಡ್ ತರಲು ಹೊರಗೆ ಹೋಗಿದ್ದಳು.

ಬ್ರೆಡ್ಡು ಇನ್ನೂ ಅವಳ ಚೀಲದಲ್ಲೇ ಇದೆ. ಬೂಷ್ಟು ಹಿಡಿದಿದೆ. ಬಿಸಾಡಲು ಹೋದರೆ ಕೈ ಹಿಡಿದಳು.

ಹಳ್ಳಿಯ ಶಾಲೆಯಲ್ಲಿ ಎರಡು ಚಳಿಗಾಲ ಕೂತು ಕಲಿತ ಅಕ್ಷರ ನನ್ನದು, ಕೋಳಿ ಕೆದರಿದ ಹಾಗೆ. ಆದರೂ ಬರೆಯುತ್ತೇನೆ. ಈ ಮನೆಯಲ್ಲಿ ನಾನು ಬಾಯಿ ತೆರೆದರೆ ಬೈಗುಳವೇ ಬರುತ್ತದೆ ಎಂದು ದೂರು. ಈಗ ಬೈಯುವ ಕಾಲವಲ್ಲ.

ಶುಕ್ರವಾರ, ನವೆಂಬರ್ ೧೫

ನಿನ್ನೆ ಸಂಜೆಯ ನಮಾಜಿಗೆ ಮುಂಚೆ ಹೋದ. ಇವತ್ತು ಮಣ್ಣು ಮಾಡಿದರು. ಬರೆಯಲು ಇನ್ನೇನೂ ಇಲ್ಲ.

ಸೋಮವಾರ, ನವೆಂಬರ್ ೧೮

ಮಣ್ಣಾದ ಮೂರನೆಯ ದಿನಕ್ಕೆ ಹಂಚುವ ಕುಸ್ಕುಸ್ ಎಂಬ ರವೆಯ ಅಡುಗೆ ಮಾಡಲು ಬೀದಿಯ ಹೆಂಗಸರೆಲ್ಲ ಮಬ್ರೂಕಳ ಮನೆ ಸೇರಿದ್ದೆವು. ಅವಳು ಗೋಡೆಗೆ ಒರಗಿ ಕೂತಿದ್ದಳು, ನೀರು ಬತ್ತಿದ ಬಾವಿಯ ಹಾಗೆ. ನಾಲ್ಕು ಹೆಣ್ಣಿನ ಮೇಲೆ ಹುಟ್ಟಿದ ಒಬ್ಬನೇ ಗಂಡು. ಗಂಡ ಹೋಗಿ ಕಾಲವಾಯಿತು. ಅವಳ ನಾದಿನಿಯೊಬ್ಬಳು ಬಂದು, ಓದು ಓದು ಅಂತ ಹುಡುಗನನ್ನು ಸುಟ್ಟುಬಿಟ್ಟಿರಿ, ಅಂಗಡಿ ಹಾಕಿಕೊಟ್ಟಿದ್ದರೆ ಬದುಕುತ್ತಿದ್ದ ಎಂದು ರಾಗ ತೆಗೆದಳು. ನಿನ್ನ ಮಗ ಅಂಗಡಿ ಹಾಕಿಕೊಂಡು ಏನು ಕಡಿದು ಕಟ್ಟೆ ಹಾಕಿದ್ದಾನೆ, ಹೋಗಿ ಈರುಳ್ಳಿ ಹೆಚ್ಚು ಎಂದು ಎಬ್ಬಿಸಿ ಕಳಿಸಿದೆ.

ಆಮೇಲೆ ಇಮಾಮರು ಬಾಗಿಲಲ್ಲೇ ನಿಂತು ಹೇಳಿದರು: ಬೆಂಕಿಯಲ್ಲಿ ಹೋದವನು ಹುತಾತ್ಮ, ವಿದ್ಯೆ ಹುಡುಕುತ್ತ ಹೋದವನೂ ಹುತಾತ್ಮ, ನಿನ್ನ ಮಗ ಎರಡು ಬಾಗಿಲಿಂದ ಒಳಗೆ ಹೋಗಿದ್ದಾನೆ ತಾಯಿ.

ಮಬ್ರೂಕಾ ತಲೆ ಎತ್ತಿದಳು. ಬೆನ್ನು ನೆಟ್ಟಗೆ ಮಾಡಿದಳು. ಮಗ ಹೋದಂದಿನಿಂದ ಮೊದಲ ಬಾರಿಗೆ ಒಂದು ತುತ್ತು ತಿಂದಳು. ನನ್ನ ಕಣ್ಣಾರೆ ಕಂಡೆ. ಒಂದು ಮಾತು ಮನುಷ್ಯರನ್ನು ಹೀಗೂ ಎತ್ತಿ ನಿಲ್ಲಿಸುತ್ತದೆ.

ಮಂಗಳವಾರ, ಡಿಸೆಂಬರ್ ೩

ಮಗ ದಕ್ಷಿಣದ ತೈಲಬಾವಿಗಳಲ್ಲಿ, ತಿಂಗಳಿಗೊಮ್ಮೆ ಮುಖ ತೋರಿಸುತ್ತಾನೆ. ಸೊಸೆ ಮಗುವಿಗೆ ಹಲ್ಲು ಬರುವ ಮೊದಲೇ ತೀರಿಕೊಂಡಳು. ಇಬ್ತಿಸಾಮಳನ್ನು ಸಾಕಿದ್ದು ಈ ಎರಡು ಕೈ. ಆದ್ದರಿಂದ ಹೇಳುವ ಹಕ್ಕು ನನಗಿದೆ. ಆ ಸುಡುಗಾಡು ಗಿರಣಿಯ ಹತ್ತಿರ ಮತ್ತೆ ಕಾಲಿಡಬೇಡ, ಶಾಲೆಯಲ್ಲಿ ಮೇಷ್ಟರಾಗು, ಮದುವೆಯಾಗು, ಬೇಕಾದರೆ ಸುಮ್ಮನೆ ಮನೆಯಲ್ಲಿ ಬಿದ್ದಿರು ಎಂದೆ. ಅವಳು ಶೂ ಹಾಕಿಕೊಳ್ಳುತ್ತಲೇ ಇದ್ದಳು.

"ಕುಲುಮೇಲಿ ಅವನ ಪುಡಿ ಇದೆ, ಹನ್ನಾ."

ಹನ್ನಾ ಅಂದರೆ ನಮ್ಮ ಕಡೆ ಅಜ್ಜಿ; ಅವಳು ಅದನ್ನು ಅನ್ನುವ ದನಿಯಲ್ಲೇ ಗೊತ್ತಾಗುತ್ತದೆ, ಇನ್ನು ವಾದ ಮಾಡಿ ಫಲವಿಲ್ಲ ಎಂದು. ಬೆಂಕಿಗೆ ಮುಂಚೆ ಅವನು ಅರೆದ ಮೊದಲ ಕಂತನ್ನು ಇವಳು ಗಾಳಿ ತೆಗೆದ ಗಾಜಿನ ಕೊಳವೆಗಳಲ್ಲಿ ತುಂಬಿ, ಬಾಯಿ ಕರಗಿಸಿ ಮುಚ್ಚಿ, ಕುಲುಮೆಯಲ್ಲಿ ಇಟ್ಟಿದ್ದಾಳೆ. ಅದು ಬ್ರೆಡ್ ಸುಡುವ ಕುಲುಮೆಯಂಥದಲ್ಲ. ಹೆಚ್ಚು ಕಾಯಿಸಿದರೆ ಕೆಟ್ಟಿತು, ಕಮ್ಮಿ ಕಾಯಿಸಿದರೆ ಏನೂ ಆಗದು. ಬಾಣಂತಿಯ ಕೋಣೆಯ ಹಾಗೆ ಒಂದೇ ಹದದ ಬಿಸಿಯಲ್ಲಿ ತಿಂಗಳುಗಟ್ಟಲೆ ಇರಬೇಕು. ಒಳಗೆ ಕಬ್ಬಿಣದ ಕಣಗಳು ಒಂದು ಸಾಲು, ನಿಕಲ್ಲಿನವು ಒಂದು ಸಾಲು, ಮತ್ತೆ ಕಬ್ಬಿಣ, ಮತ್ತೆ ನಿಕಲ್, ಹೀಗೆ ಕೂತುಕೊಳ್ಳಬೇಕಂತೆ. ಹಾಗೆ ಸಾಲು ಹಿಡಿದರೆ ಅದು ಗಟ್ಟಿ ಅಯಸ್ಕಾಂತ. ಹಿಡಿದದ್ದನ್ನು ಬಿಡುವುದಿಲ್ಲ. ಚೀನಾದವರು ಅಗೆದು ಮಾರುವ ದುಬಾರಿ ಮಣ್ಣು ಬೇಡ, ಬರೀ ಕಬ್ಬಿಣ, ನಿಕಲ್ ಸಾಕು. ಆಕಾಶದಿಂದ ಬಿದ್ದ ಕಲ್ಲುಗಳಲ್ಲಿ ಮಾತ್ರ ಹಾಗೆ ಸಾಲು ಸಿಕ್ಕಿದೆಯಂತೆ. ಅವು ಕೋಟ್ಯಂತರ ವರ್ಷ ಮೆಲ್ಲಗೆ ತಣ್ಣಗಾದ ಕಲ್ಲುಗಳು.

"ದೇವರು ಕೋಟಿ ವರ್ಷ ಕೂತು ಮಾಡಿದ್ದನ್ನ ನೀನು ಸ್ಕಾಲರ್‌ಶಿಪ್ ಮುಗಿಯೋದ್ರೊಳಗೆ ಮಾಡ್ತೀಯಾ?" ಎಂದೆ.

"ಅದಕ್ಕೇ ಅರೆಯೋದು. ಅರೆದ್ರೆ ಒಳಗೆಲ್ಲ ಬಿರುಕು ಬೀಳುತ್ತೆ, ಕಣಗಳಿಗೆ ಓಡಾಡೋಕೆ ದಾರಿ ಸಿಗುತ್ತೆ. ಬೇಗ ಕೂತ್ಕೊಳ್ತಾವೆ."

ಬಡಿದರೆ ಬೇಗ ಸಾಲಿಗೆ ಬರುತ್ತವೆ ಅನ್ನು, ಫ್ರೆಂಚರು ನಮಗೆ ಮಾಡಿದ ಹಾಗೆ ಎಂದೆ. ನಗಲಿಲ್ಲ. ಬಾಗಿಲು ಎಳೆದುಕೊಂಡು ಹೋದಳು.

ಗುರುವಾರ, ಜನವರಿ ೯

ಬೆಳಿಗ್ಗೆಯಿಂದ ಕರೆಂಟಿಲ್ಲ. ಗುಡ್ಡದ ಮೇಲೆ ಗಾಳಿಗೆ ತಂತಿ ಹರಿದಿದೆಯಂತೆ. ಕರೆಂಟಿನ ಆಫೀಸಿಗೆ ನಾನೇ ಫೋನು ಮಾಡಿ, ಅಲ್ಲಿದ್ದವನಿಗೆ ಅವನ ಏಳು ತಲೆಮಾರು ನೆನಪಾಗುವ ಹಾಗೆ ಹೇಳಿದೆ. ನಿಮ್ಮ ಮನೆಯಲ್ಲಿ ಯಾರಾದರೂ ಉಸಿರಾಟದ ಮಷಿನ್ನಿನ ಮೇಲೆ ಇದ್ದಾರಾ ಅಮ್ಮಾ ಎಂದು ಕೇಳಿದ. ಮನೆಯಲ್ಲಲ್ಲ, ವಿಶ್ವವಿದ್ಯಾಲಯದಲ್ಲಿ ಕುಲುಮೆ ಇದೆ, ಅದು ತಣ್ಣಗಾಗಬಾರದು ಎಂದೆ. ಇಟ್ಟುಬಿಟ್ಟ.

ಇಬ್ತಿಸಾಮ್ ಬಂದು ಜನರೇಟರು ಹಾಕಿದ್ದರು, ಏನೂ ಆಗಲಿಲ್ಲ ಅಂದಮೇಲೆ ನನಗೆ ಊಟ ಸೇರಿತು.

ಬುಧವಾರ, ಜನವರಿ ೨೨

ಹಿಡಿದಿದೆ.

ಕೊಳವೆ ಒಡೆದು ಅಳೆದರಂತೆ. ಪುಡಿಯನ್ನು ಒಂದು ದಿಕ್ಕಿಗೆ ಅಯಸ್ಕಾಂತ ಮಾಡಿ, ಆಮೇಲೆ ಎದುರು ದಿಕ್ಕಿನಿಂದ ಎಳೆದರೂ ಬಿಡಲಿಲ್ಲವಂತೆ. ಮಾಮೂಲಿ ಕಬ್ಬಿಣ-ನಿಕಲ್ ಹಾಗಲ್ಲ, ಸಡಿಲ ಹೆಂಗಸಿನ ಮಾತಿನ ಹಾಗೆ ತಟ್ಟನೆ ತಿರುಗುತ್ತದೆ. ಪ್ರೊಫೆಸರ್ ಲಖ್ದರ್ ಇದ್ದಲ್ಲೇ ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಂಡರಂತೆ. ಸಂಜೆ ರೇಡಿಯೋದವರಿಗೂ ಹೇಳಿಬಿಟ್ಟಿದ್ದಾರೆ. ನಮ್ಮ ಹುತಾತ್ಮ ವಿದ್ಯಾರ್ಥಿ ಅರೆದ ಪುಡಿ ಎಂದರಂತೆ. ಬೀದಿಗೆ ಬೀದಿಯೇ ಕೇಳಿತು.

ನಾವು ಮಬ್ರೂಕಳ ಮನೆಗೆ ಹೋದೆವು. ಇಬ್ತಿಸಾಮ್ ಅವಳ ಮಂಡಿಯ ಹತ್ತಿರ ಕೂತು ಹೇಳಿದಳು. ಮಬ್ರೂಕಾ ಎದ್ದು ಕಿಟಕಿ ತೆರೆದು, ಶೋಕದ ಬಿಳಿ ಬಟ್ಟೆಯಲ್ಲೇ, ನಾಲಗೆ ಹೊರಳಿಸಿ ಮದುವೆಮನೆಯ ಕೂಗು ಹಾಕಿದಳು. ಫ್ರೆಂಚರ ಮೇಲಿನ ಯುದ್ಧದ ಕಾಲದಲ್ಲಿ ಹುತಾತ್ಮರ ತಾಯಂದಿರು ಹಾಗೆ ಹಾಕುತ್ತಿದ್ದರು. ಬೀದಿಯ ಆ ತುದಿಯವರೆಗೆ ಹೆಂಗಸರು ಒಬ್ಬೊಬ್ಬರೇ ಕಿಟಕಿ ತೆರೆದು ಕೂಗಿಗೆ ಕೂಗು ಸೇರಿಸಿದರು. ನಾನೂ ಹಾಕಿದೆ.

ಸೋಮವಾರ, ಫೆಬ್ರವರಿ ೧೭

ಇಬ್ತಿಸಾಮ್ ತಟ್ಟೆಯ ಮುಂದೆ ಕೂರುತ್ತಾಳೆ, ಏಳುತ್ತಾಳೆ. ಡಿಸೆಂಬರಿನಲ್ಲೇ ಮತ್ತೊಂದು ಕಂತು ಅರೆದು ಕುಲುಮೆಗೆ ಇಟ್ಟಿದ್ದಳಂತೆ, ಆಗಷ್ಟೇ ಹಡಗಿನಿಂದ ಬಂದ ಹೊಸ ಡಬ್ಬಿಯಲ್ಲಿ. ಹೇಗೆ ಬಂತು ಎಂದರೆ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಾಳೆ. ಯಾರ ಮೇಲಾದರೂ ಮನಸ್ಸಾಗಿದೆಯಾ ಎಂದು ಕೇಳಿದೆ. ನನ್ನನ್ನು ನೋಡಿದ ನೋಟಕ್ಕೆ ಎದ್ದು ಒಲೆಯ ಕಡೆ ಹೋದೆ.

ಶನಿವಾರ, ಮಾರ್ಚ್ ೧೫

ರಂಜಾನಿನ ಉಪವಾಸ. ಮಧ್ಯಾಹ್ನದ ಇಳಿಹೊತ್ತಿನಲ್ಲಿ ನಾನು ಹಸಿಗೋಧಿಯ ಶೋರ್ಬಾ ಎಂಬ ಸಾರಿಗೆ ಕೊತ್ತಂಬರಿ ಬಿಡಿಸುತ್ತಿದ್ದೆ. ಇಬ್ತಿಸಾಮ್ ಬಂದು ಸ್ಟೂಲಿನ ಮೇಲೆ ಕೂತು, ನನ್ನ ಹಿತ್ತಾಳೆ ಕುಟ್ಟಾಣಿಯನ್ನು ಎತ್ತಿ ಮೂಸಿದಳು.

"ಇದ್ರಲ್ಲಿ ಬೆಳ್ಳುಳ್ಳಿ ಕುಟ್ಟಿ ಆಮೇಲೆ ಚಕ್ಕೆ ಕುಟ್ಟಿದ್ರೆ ಏನಾಗುತ್ತೆ, ಹನ್ನಾ?"

ನನ್ನ ಮನೆಯಲ್ಲಿ ಹಾಗೆ ಮಾಡಿದವಳನ್ನು ಕುಟ್ಟಾಣಿಯಿಂದಲೇ ಹೊಡೆಯುತ್ತೇನೆ ಎಂದೆ.

ಆಗ ಹೇಳಿದಳು. ಇವಳು ಹೊಸ ಡಬ್ಬಿಯಲ್ಲಿ ಅರೆದ ಪುಡಿ ಹಿಡಿಯಲಿಲ್ಲ. ಕುಲುಮೆ ಅದೇ, ಬಿಸಿ ಅದೇ, ಕಬ್ಬಿಣ ನಿಕಲ್ ಅವೇ ಚೀಲದವು. ಇವಳಿಗೆ ಅನುಮಾನ ಬಂದು ಸುಫ್ಯಾನನ ಪುಡಿಯ ಒಂದು ಚಿಟಿಕೆಯನ್ನು ಬೇರೆ ಊರಿನ ದೊಡ್ಡ ಮಷಿನ್ನಿಗೆ ಕಳಿಸಿ ಒಳಗೆ ಏನೇನಿದೆ ಎಂದು ನೋಡಿಸಿದ್ದಾಳೆ. ಕಬ್ಬಿಣ ಇದೆ, ನಿಕಲ್ ಇದೆ. ಇನ್ನೊಂದೂ ಇದೆ. ಅದರ ಹೆಸರು ನನ್ನ ಬಾಯಲ್ಲಿ ಹೊರಳುವುದಿಲ್ಲ. ಅದೇ ದುಬಾರಿ ಮಣ್ಣು, ಯಾವುದು ಬೇಡವೆಂದು ಇವರು ಇಷ್ಟೆಲ್ಲ ಒದ್ದಾಡುತ್ತಿದ್ದರೋ ಅದೇ.

ಎಲ್ಲಿಂದ ಬಂತು? ಇವರ ಡಬ್ಬಿ ಬಿರುಕು ಬಿಟ್ಟಿತ್ತು. ಹೊಸದು ಹೊರದೇಶದಿಂದ ಬರಬೇಕು, ಆಗಿನ್ನೂ ಬಂದಿರಲಿಲ್ಲ. ಸುಫ್ಯಾನ್ ಇನ್ನೊಂದು ಊರಿನ ಗೆಳೆಯನಿಂದ ಡಬ್ಬಿ, ಗುಂಡು ಎರಡನ್ನೂ ಎರವಲು ತಂದಿದ್ದ. ನಮ್ಮಲ್ಲಿ ಎಲ್ಲರೂ ಹಾಗೇ ಕೆಲಸ ಸಾಗಿಸುವುದು. ಆ ಊರಿನವರು ಅದರಲ್ಲಿ ದುಬಾರಿ ಜಾತಿಯ ಅಯಸ್ಕಾಂತವನ್ನು ಅರೆದಿದ್ದರು. ಅದು ಡಬ್ಬಿಯ ಗೋಡೆಗೆ ಹೊಕ್ಕು ಕೂತಿತ್ತು. ತೊಳೆದಿದ್ದೀಯಾ ಎಂದು ಇವಳು ಕೇಳಿದ್ದಳು. ತೊಳೆದಿದ್ದೇನೆ ಅಂದಿದ್ದ. ಇವಳು ನಂಬಿದಳು.

"ಸಾಲು ಹಿಡಿದಿರ್ಲಿಲ್ಲ. ಯಾವತ್ತೂ ಹಿಡಿದಿರ್ಲಿಲ್ಲ. ನಾವು ನೋಡಿದ್ದು ಬೇರೆಯವರ ಕೊಳೆ."

ಯಾರಿಗೆಲ್ಲ ಗೊತ್ತು ಎಂದು ಕೇಳಿದೆ. ಪ್ರೊಫೆಸರಿಗೆ ಮಾತ್ರ. ಅವರು ಬಾಗಿಲು ಹಾಕಿಕೊಂಡು, ಮೊದಲು ಪ್ರಬಂಧ ಒಪ್ಪಿಸಿ ಪದವಿ ತೆಗೆದುಕೋ, ತಿದ್ದುವುದನ್ನು ಆಮೇಲೆ ನೋಡೋಣ ಅಂದರಂತೆ. ಕೆಟ್ಟ ಮನುಷ್ಯನಲ್ಲ. ರೇಡಿಯೋದಲ್ಲಿ ಮಾತಾಡಿಬಿಟ್ಟಿದ್ದಾರೆ, ಅಷ್ಟೇ.

ನಾನು ಹೇಳಿದೆ, ಅವರು ಸರಿಯಾಗೇ ಹೇಳಿದ್ದಾರೆ.

ಅವಳು ಕುಟ್ಟಾಣಿಯನ್ನು ಮೆಲ್ಲಗೆ ಕೆಳಗಿಟ್ಟಳು. ನಾನು ಕೊತ್ತಂಬರಿಯೆಲ್ಲ ಬಿಡಿಸಿ ಮುಗಿಸಿದೆ. ಬಾಂಗಿಗೆ ಮುಂಚೆ ಶೋರ್ಬಾ ತಳ ಹಿಡಿಯಿತು.

ಭಾನುವಾರ, ಮಾರ್ಚ್ ೧೬

ನಿನ್ನೆ ಅರ್ಧಕ್ಕೆ ಬಿಟ್ಟದ್ದನ್ನು ಇವತ್ತು ಬಿಡಿಸಿ ಹೇಳಿದೆ. ಯಾಕೆ ಸುಮ್ಮನಿರಬೇಕು ಎಂದು ಅವಳಿಗೆ ಗೊತ್ತಾಗಲಿ.

ನನ್ನಣ್ಣ ಫ್ರೆಂಚರ ವಿರುದ್ಧ ಹೋರಾಡಲು ಕಾಡಿಗೆ ಹೋಗಿ ಸತ್ತಾಗ ನಾನು ಸಣ್ಣವಳು. ಗುಂಡು ತಾಗಿ ಹುತಾತ್ಮನಾದ ಎಂದು ಸುದ್ದಿ ಬಂತು. ಅವ್ವ ಅದನ್ನು ಹಿಡಿದುಕೊಂಡು ಬದುಕಿದಳು, ಹೊಲ ಉತ್ತಳು, ನಮ್ಮನ್ನು ಸಾಕಿದಳು. ಸ್ವಾತಂತ್ರ್ಯ ಬಂದಮೇಲೆ ಅವನ ಜೊತೆಗಿದ್ದವನೊಬ್ಬ ಬಂದ. ಒಳ್ಳೆಯವನೇ. ಸುಳ್ಳು ಹೊತ್ತು ತಿರುಗಲಾರೆ ತಾಯಿ ಎಂದು ಹೇಳಿದ. ಗುಂಡಲ್ಲವಂತೆ. ಕಾವಲು ಕೂತವನು ನಿದ್ದೆಗಣ್ಣಲ್ಲಿ ಹಳ್ಳಕ್ಕೆ ಜಾರಿ ತಲೆ ಒಡೆದುಕೊಂಡ. ಹೇಳಿ, ಕಾಫಿ ಕುಡಿದು, ಹಗುರಾಗಿ ಎದ್ದು ಹೋದ. ಅವ್ವ ಆ ಚಳಿಗಾಲ ದಾಟಲಿಲ್ಲ.

ಇದನ್ನು ಹೇಳಿ, ಈಗ ಹೋಗಿ ಮಬ್ರೂಕಳಿಗೆ ಹೇಳು, ನಿನಗೆ ಹಗುರಾಗುತ್ತದೆ ಎಂದೆ.

ಇಬ್ತಿಸಾಮ್ ಮುಖ ತೊಳೆದುಕೊಂಡು ಲೈಬ್ರರಿಗೆ ಹೋದಳು. ಗೆದ್ದೆ ಅಂದುಕೊಂಡೆ.

ಬುಧವಾರ, ಏಪ್ರಿಲ್ ೨

ಹಬ್ಬಕ್ಕೆ ಮಬ್ರೂಕಾ ಬಂದಿದ್ದಳು. ಮುಖದಲ್ಲಿ ಸ್ವಲ್ಪ ಕಳೆ ಬಂದಿದೆ. ಸುಫ್ಯಾನನ ಫೋಟೋವನ್ನು ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಿದ್ದಾಳೆ. ಮೇ ತಿಂಗಳಲ್ಲಿ ಇಬ್ತಿಸಾಮ್ ಪ್ರಬಂಧ ಒಪ್ಪಿಸುವ ದಿನ ಅದನ್ನು ಮುಂದಿನ ಸಾಲಿನಲ್ಲಿ ಹಿಡಿದು ಕೂರುತ್ತಾಳಂತೆ. ಮಿಠಾಯಿ ಅರ್ಧ ನಿಮ್ಮದು, ಅರ್ಧ ನನ್ನದು, ಇದು ಇಬ್ಬರ ಮದುವೆ ಇದ್ದ ಹಾಗೆ ಎಂದಳು. ಬೀದಿಯ ಹುಡುಗರು ವಾಚನಾಲಯಕ್ಕೆ ಅವನ ಹೆಸರು ಇಡಬೇಕು ಎಂದು ಓಡಾಡುತ್ತಿದ್ದಾರೆ ಎಂದೂ ಹೇಳಿದಳು.

ಇಬ್ತಿಸಾಮ್ ಕಾಫಿ ತರುತ್ತೇನೆ ಎಂದು ಒಳಗೆ ಹೋದವಳು ಹೊರಗೆ ಬರಲಿಲ್ಲ. ನಾನೇ ತಂದೆ. ಮಬ್ರೂಕಾ ಹೋದ ಮೇಲೆ ನೋಡಿದರೆ ಹಿತ್ತಲಲ್ಲಿ ನೀರಿನ ಡ್ರಮ್ಮಿನ ಪಕ್ಕ ಕೂತಿದ್ದಾಳೆ.

"ಆ ಎರಡನೇ ಕಂತನ್ನೂ ಅವನು ಅದೇ ಡಬ್ಬಿಲಿ ಅರೆದಿದ್ದ. ಅದನ್ನ ತೆರೆಯೋಕೆ ಹೋಗೇ ಸತ್ತಿದ್ದು. ಅದ್ರಲ್ಲಿ ಏನೂ ಇರ್ಲಿಲ್ಲ ಹನ್ನಾ."

ಅದಕ್ಕೇ ಬಾಯಿ ಮುಚ್ಚು ಅನ್ನುತ್ತಿರುವುದು ಎಂದೆ. ಜಪಾನಿನಲ್ಲಿ, ಅಮೆರಿಕದಲ್ಲಿ ಇದನ್ನು ಓದಿದವರು ಇದೇ ದಾರಿ ಹಿಡಿದು ವರ್ಷಗಟ್ಟಲೆ ಅರೆಯುತ್ತಾರೆ ಎಂದಳು. ಅರೆಯಲಿ, ಅವರ ಹತ್ತಿರ ಡಬ್ಬಿಗಳಿಗೆ ಬರವೇ ಎಂದೆ. ಆಗ ಅವಳಿಗೆ ನಗು ಬಂತು, ಒಂದು ಕ್ಷಣ. ಆಮೇಲೆ ಮುಖ ಮುಚ್ಚಿಕೊಂಡಳು.

ಸೋಮವಾರ, ಮೇ ೧೯

ಎರಡು ದಿನದಿಂದ ಮಕ್ರೂದ್ ಕರಿಯುತ್ತಿದ್ದೇವೆ, ಮಬ್ರೂಕಳ ಹೆಣ್ಣುಮಕ್ಕಳು ಸಹಿತ. ರವೆಗೆ ತುಪ್ಪ ಉಜ್ಜುವುದು, ಖರ್ಜೂರ ತುಂಬುವುದು, ಅಚ್ಚು ಒತ್ತುವುದು, ಕರಿದು ಜೇನುಪಾಕದಲ್ಲಿ ಅದ್ದುವುದು. ಮನೆಯೆಲ್ಲ ಮದುವೆಯ ವಾಸನೆ. ಪ್ರಬಂಧ ಒಪ್ಪಿಸುವವರ ಮನೆಯವರು ತಟ್ಟೆಗಟ್ಟಲೆ ಹೊತ್ತು ಹೋಗದಿದ್ದರೆ ನಮ್ಮ ಕಡೆ ಅದನ್ನು ಪದವಿಯೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಬ್ತಿಸಾಮಳನ್ನು ಒಂದೇ ಮಾತು ಕೇಳಿದೆ, ಏನು ಮಾಡುತ್ತೀ ಎಂದು. ಗೊತ್ತಿಲ್ಲ ಅಂದಳು. ಸುಳ್ಳಲ್ಲ. ಅವಳು ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ. ಕಿವಿ ಬಿಳಿಚಿಕೊಂಡಿತ್ತು.

ಬುಧವಾರ, ಮೇ ೨೧

ಕೈ ನೋಯುತ್ತಿದೆ, ಆದರೂ ಪೂರ್ತಿ ಬರೆಯುತ್ತೇನೆ.

ಸಭಾಂಗಣದಲ್ಲಿ ನಾವು ಹೆಂಗಸರು ಎರಡು ಸಾಲು. ಹಿಂದಿನ ಮೇಜಿನ ಮೇಲೆ ತಟ್ಟೆಗಳು, ಅವಕ್ಕೆ ಜರಿಬಟ್ಟೆ ಮುಚ್ಚಿತ್ತು. ಮಬ್ರೂಕಾ ಮುಂದಿನ ಸಾಲಿನ ನಡುವೆ, ಮಡಿಲಲ್ಲಿ ಫೋಟೋ. ನಾನು ಅವಳ ಪಕ್ಕ. ಎದುರಿಗೆ ಉದ್ದದ ಮೇಜಿನ ಹಿಂದೆ ಪರೀಕ್ಷೆ ಮಾಡುವ ಐದು ಜನ, ಅವರಲ್ಲಿ ಪ್ರೊಫೆಸರ್ ಲಖ್ದರ್ ಒಬ್ಬರು. ಹೊರಗಿನಿಂದ ಬಂದ ಕನ್ನಡಕದ ಹಿರಿಯರೊಬ್ಬರು ಎಲ್ಲರಿಗಿಂತ ದೊಡ್ಡವರಂತೆ.

ಮಾತೆಲ್ಲ ಫ್ರೆಂಚಿನಲ್ಲಿ. ವಿಜ್ಞಾನವನ್ನು ನಮ್ಮವರು ಇನ್ನೂ ಆ ಭಾಷೆಯಲ್ಲೇ ಒಪ್ಪಿಸುವುದು. ಹಡೆದವರಿಗೆ, ಸಾಕಿದವರಿಗೆ ಒಂದಕ್ಷರ ತಿಳಿಯುವುದಿಲ್ಲ. ನಾವು ಸುಮ್ಮನೆ ಮುಖ ನೋಡಿಕೊಂಡು ಕೂತಿರುತ್ತೇವೆ, ಕೊನೆಗೆ ಎಲ್ಲರೂ ಎದ್ದು ನಿಂತಾಗ ಕೂಗು ಹಾಕುತ್ತೇವೆ.

ಇಬ್ತಿಸಾಮ್ ಕಪ್ಪು ನಿಲುವಂಗಿಯಲ್ಲಿ ಕಂಬದ ಹಾಗೆ ನಿಂತು ಶುರುಮಾಡಿದಳು. ಪರದೆಯ ಮೇಲೆ ಚಿತ್ರಗಳು ಬಂದವು: ಗಿರಣಿ, ಗುಂಡು, ಏರಿಳಿಯುವ ಗೆರೆಗಳು. ಮೊದಲಿಗೆ ಅವಳ ದನಿ ಸಣ್ಣಗಿತ್ತು. ಪ್ರೊಫೆಸರು ತಲೆಯಾಡಿಸುತ್ತಿದ್ದರು. ಎಲ್ಲ ನೆಟ್ಟಗೆ ಹೋಗುತ್ತಿದೆ, ಅವಳು ಅದನ್ನು ಹೇಳುವುದಿಲ್ಲ, ದೇವರೇ ನಿನಗೆ ಕೋಟಿ ವಂದನೆ ಎಂದು ನಾನು ಮಣಿ ಎಣಿಸುತ್ತಿದ್ದೆ.

ಆಮೇಲೆ ಪರದೆಯ ಮೇಲೆ ಡಬ್ಬಿ ಬಂತು. ಬಾಯಿ ತೆರೆದ ಉಕ್ಕಿನ ಡಬ್ಬಿ, ಒಳಗೋಡೆಯಲ್ಲಿ ಬೂದು ಬಣ್ಣದ ಕಲೆ.

ನನಗೆ ಫ್ರೆಂಚ್ ಬೇಕಾಗಲಿಲ್ಲ. ಪ್ರೊಫೆಸರು ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲೆ ಇಟ್ಟರು. ಕನ್ನಡಕದವರು ಮುಂದಕ್ಕೆ ಬಾಗಿದರು. ಇಬ್ತಿಸಾಮಳ ದನಿ ಈಗ ದೊಡ್ಡದಾಗಿತ್ತು. ಅವಳು ಆ ಹುಡುಗನ ಹೆಸರು ಹೇಳಿದಳು. ಕೂಡಲೆ ತನ್ನ ಎದೆಯ ಮೇಲೆ ಕೈಯಿಟ್ಟು ತನ್ನ ಹೆಸರನ್ನೂ ಹೇಳಿದಳು. ತಪ್ಪನ್ನು ಇಬ್ಬರಿಗೂ ಹಂಚುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಅವಳು ಸಣ್ಣವಳಿದ್ದಾಗಲೂ ಒಡೆದ ಲೋಟದ ಮುಂದೆ ಹಾಗೇ ನಿಲ್ಲುತ್ತಿದ್ದಳು.

ಮಬ್ರೂಕಳಿಗೆ ಕೇಳಿಸಿದ್ದು ಮಗನ ಹೆಸರೊಂದೇ. ಇಷ್ಟು ಜನ ದೊಡ್ಡವರ ನಡುವೆ, ಅಂಥ ಮೌನದಲ್ಲಿ, ಮಗನ ಹೆಸರು. ಅವಳು ಫೋಟೋವನ್ನು ಎದೆಗೆ ಅವಚಿಕೊಂಡು ಎದ್ದು ನಿಂತು ಕೂಗು ಹಾಕಿಬಿಟ್ಟಳು. ಹಿಂದಿನ ಸಾಲಿನ ಹೆಂಗಸರೂ ಎದ್ದರು, ಅವಳ ಹೆಣ್ಣುಮಕ್ಕಳೂ ಸೇರಿದರು. ಸಭಾಂಗಣದ ಚಾವಣಿ ಕಿತ್ತು ಹೋಗುವ ಹಾಗೆ ಕೂಗು. ಮೇಜಿನ ಹಿಂದೆ ಕೂತವರು ಒಬ್ಬರೂ ಕತ್ತೆತ್ತಲಿಲ್ಲ. ನನ್ನ ನಾಲಗೆ ಮಾತ್ರ ಅಂಗುಳಕ್ಕೆ ಅಂಟಿಕೊಂಡಿತ್ತು.

ಇಬ್ತಿಸಾಮ್ ಕೂಗು ನಿಲ್ಲುವವರೆಗೆ ಕಾದಳು. ನೀರು ಕುಡಿದಳು. ಮುಂದುವರಿಸಿದಳು.

ಒಳಗೆ ಹೋಗಿ ಕೂತು ಮಾತಾಡಿ ಬರಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಪದವಿ ಕೊಟ್ಟರು, ಆದರೆ ಅದರ ಜೊತೆ ಹೇಳುವ ಮೆಚ್ಚುಗೆಯ ಮಾತು ಸೇರಿಸಲಿಲ್ಲ. ಪ್ರೊಫೆಸರ್ ಲಖ್ದರ್ ಸಹಿ ಹಾಕಿ, ತಟ್ಟೆಗಳತ್ತ ನೋಡದೆ ಹೊರಟುಹೋದರು. ಕನ್ನಡಕದವರು ಮಾತ್ರ ಮಬ್ರೂಕಳ ಮುಂದೆ ಬಂದು, ಫೋಟೋ ನೋಡಿ, ಬಾಗಿ ನಮಸ್ಕರಿಸಿ ಹೋದರು. ನಮ್ಮ ಇಬ್ತಿಸಾಮ್ ಗೋಡೆಗೆ ಒರಗಿ ನಿಂತೇ ಒಂದಾದ ಮೇಲೊಂದು ಮಕ್ರೂದ್ ತಿಂದಳು. ಚಳಿಗಾಲದಿಂದ ಹಕ್ಕಿಯ ಹಾಗೆ ಕುಕ್ಕುತ್ತಿದ್ದವಳು ಗದ್ದಕ್ಕೆ ಪಾಕ ಇಳಿಸಿಕೊಂಡು ತಿಂದಳು.

ಖಾಲಿ ತಟ್ಟೆಗಳನ್ನು ಹೊತ್ತು ನಮ್ಮ ಮನೆಗೆ ಬಂದೆವು. ಮಬ್ರೂಕಾ ಹೆಣ್ಣುಮಕ್ಕಳನ್ನೆಲ್ಲ ಮನೆಗೆ ಕಳಿಸಿ, ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿದಳು. ಖಾಲ್ತಿ ಅಂದರೆ ಚಿಕ್ಕಮ್ಮ, ಬೀದಿಯವರೆಲ್ಲ ನನ್ನನ್ನು ಹಾಗೇ ಕರೆಯುವುದು.

"ಖಾಲ್ತಿ ಗಮ್ರಾ, ನನಗೆ ಫ್ರೆಂಚ್ ಬರಲ್ಲ. ಆದ್ರೆ ಮುಖ ಓದೋಕೆ ಬರುತ್ತೆ. ನನ್ನ ಮಗನ ಹೆಸರು ಹೇಳ್ದಾಗ ಅವರೆಲ್ಲ ತಲೆ ಬಗ್ಗಿಸಿದ್ರು. ಹೊಗಳಿದ್ರೆ ಯಾರಾದ್ರೂ ತಲೆ ಬಗ್ಗಿಸ್ತಾರಾ? ಏನಂದ್ಲು ನಿಮ್ಮ ಹುಡುಗಿ?"

ಇದಕ್ಕೆ ನನ್ನ ಹತ್ತಿರ ಉತ್ತರ ತಯಾರಿತ್ತು, ಮಾರ್ಚಿನಿಂದ. ಗೌರವಕ್ಕೆ ಬಗ್ಗಿಸಿದರು ಅನ್ನಬಹುದಿತ್ತು. ಎಷ್ಟು ಸಲೀಸು. ಬಾಯಿ ತೆರೆದೆ. ಬಂದದ್ದು ಬೇರೆ.

"ಅವರು ಹುಡುಕ್ತಿದ್ದಿದ್ದು ಸಿಕ್ಕಿಲ್ಲ ಮಬ್ರೂಕಾ. ನಿನ್ನ ಮಗ ತಂದಿದ್ದು ಇನ್ನೊಬ್ಬರ ಡಬ್ಬಿ. ಅದ್ರೊಳಗೆ ಅವರ ಅಯಸ್ಕಾಂತದ ಪುಡಿ ಅಂಟ್ಕೊಂಡಿತ್ತು. ತೊಳೆದಿದ್ದ, ಸಾಲಲಿಲ್ಲ. ಹಿಡಿದಿದ್ದು ಆ ಹಳೇದು. ಇವರದ್ದಲ್ಲ."

ಅವಳು ಫೋಟೋವನ್ನು ರವೆಯ ಡಬ್ಬಗಳ ಪಕ್ಕ ಗೋಡೆಗೆ ಒರಗಿಸಿ ನಿಲ್ಲಿಸಿದಳು. ಅಳುತ್ತಾಳೆ, ಇಲ್ಲ ನನ್ನ ಮೇಲೆ ಬೀಳುತ್ತಾಳೆ ಅಂದುಕೊಂಡೆ. ಬಿದ್ದಿದ್ದರೆ ಚೆನ್ನಾಗಿತ್ತು.

"ತೊಳೀಬೇಕಾಗಿದ್ದು ಯಾರು?"

"ಅವನೇ."

"ಅವನಿಗೆ ತೊಳೆಯೋಕೆ ಬರ್ತಿರ್ಲಿಲ್ಲ, ಖಾಲ್ತಿ." ಹೇಳಿದಳು, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ. "ಕುಡಿದ ಲೋಟ ಕೂತಲ್ಲೇ ಬಿಟ್ಟು ಏಳೋನು. ಅಕ್ಕಂದಿರು ಗೊಣಗಿದ್ರೆ ಅವರಿಗೇ ಬೈತಿದ್ದೆ. ನಾಲ್ಕು ಹೆಣ್ಣಿರೋ ಮನೇಲಿ ಗಂಡು ಹುಡುಗನ ಕೈಗೆ ಪಾತ್ರೆ ಯಾಕೆ ಅಂತ. ಒಂದು ಚಮಚ ತೊಳೆಸಿಲ್ಲ ನಾನು ಅವನ ಕೈಲಿ."

ಆ ತೊಳೆಯುವುದೇ ಬೇರೆ ಎಂದೆ. ಅದಕ್ಕೆ ಮರಳು ಹಾಕಿ ಗಿರಣಿಯಲ್ಲಿ ತಿರುಗಿಸಬೇಕು, ಸ್ಪಿರಿಟ್ಟಿನಲ್ಲಿ ಅದ್ದಬೇಕು, ಕಲಿತ ದೊಡ್ಡವರೂ ಮೋಸಹೋಗುತ್ತಾರೆ, ಇದಕ್ಕೂ ಲೋಟಕ್ಕೂ ಸಂಬಂಧವಿಲ್ಲ ಎಂದೆ. ಇಬ್ತಿಸಾಮ್ ಹೇಳಿಕೊಟ್ಟದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವಳ ಕಿವಿಗೆ ಹೋಗಲಿಲ್ಲ. ತೋಳು ಮಡಿಸಿ, ನಲ್ಲಿ ತಿರುಗಿಸಿ, ಮಕ್ರೂದಿನ ತಟ್ಟೆಗಳನ್ನು ಒಂದೊಂದಾಗಿ ತೊಳೆಯಲು ನಿಂತಳು. ಅಂಚಿನ ಹೂಬಳ್ಳಿಯ ಸಂದಿನಲ್ಲಿ ಪಾಕ ಒಣಗಿ ಕೂತಿರುತ್ತದೆ. ಅದನ್ನು ಉಗುರಿನಿಂದ ಕೆರೆದಳು. ಜಾಲಾಡಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಮತ್ತೆ ನಲ್ಲಿಯ ಕೆಳಗೆ ಹಿಡಿದಳು.

ಇಬ್ತಿಸಾಮ್ ಬಾಗಿಲು ತಳ್ಳಿ ಬಂದಳು. ನನ್ನ ಮುಖ ನೋಡಿದಳು, ಫೋಟೋ ನೋಡಿದಳು. ಒರೆಸುವ ಬಟ್ಟೆ ತೆಗೆದುಕೊಂಡು ಮಬ್ರೂಕಳ ಪಕ್ಕ ಹೋಗಿ ಕೈ ಚಾಚಿ ನಿಂತಳು.

"ಇನ್ನೂ ಹೋಗಿಲ್ಲ, ಮಗಳೇ," ಅಂದಳು ಮಬ್ರೂಕಾ. ತಟ್ಟೆ ಕೊಡಲಿಲ್ಲ.

ಮೇಲಿನ ಟ್ಯಾಂಕಿನಲ್ಲಿ ನೀರು ಇರುವವರೆಗೂ ತೊಳೆಯುತ್ತಲೇ ಇದ್ದಳು.